ಕೌಲ್ ಬಜಾರಿನ ಮಿಲ್ಟ್ರಿ ಪ್ಯಾಂಟು: ಒಂಬತ್ತು ತಿಂಗಳು ಹಾಕ್ಕೊಂಡ ಮ್ಯಾಲೆ ಬರೀತಿದ್ದೀನಿ

ಹೋದ ವರ್ಷ ಜೂನ್‌ದಾಗ ಬಳ್ಳಾರಿ ಕೌಲ್ ಬಜಾರ್ ಕಡೆ ಒಂದು ಸಣ್ಣ ಅಂಗಡ್ಯಾಗ ಮಿಲ್ಟ್ರಿ ಪ್ರಿಂಟಿನ ಕಾರ್ಗೋ ಪ್ಯಾಂಟು ಒಂದು, ಅದೇ ಪ್ರಿಂಟಿನ ಜಾಕೀಟು ಒಂದು ತಗೊಂಡಿದ್ದೆ. ಪ್ಯಾಂಟಿಗೆ 650, ಜಾಕೀಟಿಗೆ 800 ಅಂದ, ಅರ್ಧ ತಾಸು ಚೌಕಾಸಿ ಮಾಡಿ ಒಂದು ಚಾ ಕುಡಿದು 1,300ಕ್ಕ ಮುಗಿಸಿದ್ವಿ. ಅಂಗಡಿ ಹೆಸರು ಬರಿಯಂಗಿಲ್ಲ, ಯಾಕಂದ್ರ ಬೈಯೋದೂ ಐತಿ ಹೊಗಳೋದೂ ಐತಿ, ಮತ್ತ ಆ ಓಣ್ಯಾಗ ಇದೇ ಮಾಲು ಸಾಲಾಗಿ ತೂಗು ಹಾಕಿರ್ತಾರ, ನೀವು ಯಾವ ಅಂಗಡಿಗೆ ಹೋದ್ರೂ ಕೈಗೆ ಬರೋದು ಹೆಚ್ಚುಕಮ್ಮಿ ಇದೇ.

ನಂಗ ಇದು ಯಾಕ ಬೇಕಿತ್ತು ಅಂದ್ರ, ಹಕ್ಕಿ ಫೋಟೋ ತೆಗೆಯೋ ಹುಚ್ಚು. ಕರಡಿಧಾಮ ಇರೋ ದರೋಜಿ, ಕಮಲಾಪುರ, ಸಂಡೂರು, ರವಿವಾರ ಆದ್ರ ಸಾಕು ಎಲ್ಲೋ ಒಂದು ಕಡೆ ಗುಡ್ಡದಾಗ ಕುಂತಿರ್ತೀನಿ. ನನ್ನ ಬಿಳಿ ಅಂಗಿ ನೋಡಿ ನಮ್ಮ ದೋಸ್ತ ಒಬ್ಬ "ನೀ ಹೋದ್ರ ಹಕ್ಕಿಗೆ ಎಲೆಕ್ಷನ್ ಪ್ರಚಾರಕ್ಕ ಬಂದಂಗ ಕಾಣ್ತೈತಿ" ಅಂತ ಅಂದಿದ್ದ, ಅದು ಮನಸ್ಸಿಗೆ ಹತ್ತಿತ್ತು. ಅದಕ್ಕ ಹೋಗಿ ತಗೊಂಡೆ.

ಅಂಗಡಿ ಹುಡುಗ ಕೈಗೆ ಕೊಡೋವಾಗ ಹೇಳಿದ ಮೊದಲ ಮಾತು "ಸಾರ್ ಇದು ಒರಿಜಿನಲ್ ಇಂಡಿಯನ್ ಆರ್ಮಿ". ಎರಡನೇ ಮಾತು "ಪ್ಯೂರ್ ಕಾಟನ್". ಎರಡೂ ಸುಳ್ಳು. ಆದ್ರ ಪಾಪ ಅವನಿಗೂ ಗೊತ್ತಿಲ್ಲ, ಸೂರತ್‌ನಿಂದಲೋ ಎಲ್ಲಿಂದಲೋ ಥಾನ್ ಬರ್ತೈತಿ, ಇಲ್ಲಿ ಹೊಲೀತಾರ, ಮಾರ್ತಾರ. ಮನಿಗೆ ಬಂದು ಒಳಗಿನ ಮಡಿಕಿಯಿಂದ ಒಂದು ದಾರ ಕಿತ್ತಿ ಕಡ್ಡಿ ಗೀರಿ ಸುಟ್ಟು ನೋಡಿದೆ, ಕಾಟನ್ ಆದ್ರ ಕಾಗದ ಸುಟ್ಟಂಗ ಬೂದಿ ಆಗಬೇಕು, ಇದು ಅರ್ಧ ಬೂದಿ ಆಗಿ ತುದಿಗೆ ಕರ್ರಗ ಸಾಸಿವಿ ಕಾಳಿನಷ್ಟು ಗುಂಡಿ ಕಟ್ಟಿ ಗಟ್ಟಿ ಆತು. ಪಾಲಿಸ್ಟರ್ ಮಿಕ್ಸ್. ಬಳ್ಳಾರಿ ಬಿಸಿಲಾಗ ಏಪ್ರಿಲ್‌ದಾಗ ಹಾಕ್ಕೊಂಡು ನೋಡ್ರಿ, ತೊಡಿ ಒಳಗ ಉಗಿ ಇಡ್ಲಿ ಬೇಯ್ತಾವ.

ಇನ್ನ "ಇಂಡಿಯನ್ ಆರ್ಮಿ" ವಿಷಯ. ಇದು ನಮ್ಮ ಆರ್ಮೀದು ಅಲ್ವೇ ಅಲ್ಲ, ಇದು ಅಮೆರಿಕದ ವುಡ್‌ಲ್ಯಾಂಡ್ ಪ್ಯಾಟರ್ನ್. ನಮ್ಮ ಊರಾಗ ಆಟೋ ಸೀಟ್ ಕವರ್‌ನಿಂದ ಹಿಡಿದು ಸ್ಕೂಲ್ ಬ್ಯಾಗು, ಹುಡುಗರ ಚಡ್ಡಿ, ಬೈಕ್ ಟ್ಯಾಂಕ್ ಕವರು ಎಲ್ಲಾದ್ರ ಮ್ಯಾಲೂ ಇರೋ ಆ ಹಸಿರು, ಕಂದು, ಕಪ್ಪು, ಮಣ್ಣುಬಣ್ಣದ ನಾಲ್ಕು ಬಣ್ಣದ ಮೋಡ ಮೋಡ ಡಿಸೈನ್ ಐತಲ್ಲ, ಅದೇ. 1981ರಾಗ ಅಮೆರಿಕದ ಸೈನ್ಯಕ್ಕ ಬಿಡಿಯು ಅಂತ ಹೊಸ ಯುದ್ಧದ ಯೂನಿಫಾರ್ಮ್ ಬಂತು, ಬ್ಯಾಟಲ್ ಡ್ರೆಸ್ ಯೂನಿಫಾರ್ಮ್, ಅದರ ಮ್ಯಾಲಿನ ಪ್ರಿಂಟ್ ಇದು. ಅದಕ್ಕ ಇದನ್ನ ಎಂ81 ಅಂತಾನೂ ಕರೀತಾರ. ಆದ್ರ ಅದು 1981ರಾಗ ಹುಟ್ಟಿದ್ದಲ್ಲ, ಅದಕ್ಕಿಂತ 33 ವರ್ಷ ಹಿಂದ ಹುಟ್ಟಿ ಡ್ರಾಯರ್‌ನಾಗ ಮಲಗಿತ್ತು. ಈ ಕಥಿ ಗೊತ್ತಾದ ಮ್ಯಾಲೆ ನನ್ನ ಪ್ಯಾಂಟಿನ ಮ್ಯಾಲೆ ನಂಗ ಇದ್ದ ಸಿಟ್ಟು ಅರ್ಧ ಇಳೀತು, ಉಳಿದರ್ಧ ಏರ್ತು, ಹೆಂಗಂತ ಹೇಳ್ತೀನಿ.

ಎರಡನೇ ಮಹಾಯುದ್ಧಕ್ಕ, 1942ರಾಗ, ಅಮೆರಿಕದೋರು ಪೆಸಿಫಿಕ್ ದ್ವೀಪಗಳ ಕಾಡಿಗೆ ಅಂತ ಒಂದು ಚುಕ್ಕಿ ಚುಕ್ಕಿ ಪ್ಯಾಟರ್ನ್ ಮಾಡಿದ್ರು, ಕಪ್ಪಿ ಚರ್ಮದಂಗ ಕಾಣ್ತದ ಅಂತ ಫ್ರಾಗ್ ಸ್ಕಿನ್ ಅಂತ ಹೆಸರು ಬಿತ್ತು. ಅದನ್ನ ಮಾಡಿದ್ದು ಯಾರು ಗೊತ್ತೇನು, ನಾರ್ವೆಲ್ ಗಿಲೆಸ್ಪಿ ಅಂತ ಒಬ್ಬ ತೋಟಗಾರಿಕಿ ಮನುಷ್ಯ, ಪತ್ರಿಕಿಗಳಿಗೆ ಹೂದೋಟದ ಅಂಕಣ ನೋಡ್ಕೊಳ್ಳಾವ. ಸೈನ್ಯಕ್ಕ ಡಿಸೈನ್ ಮಾಡಾಕ ತೋಟದೋನ್ನ ಕರೆದಿದ್ದು ನಂಗ ಬಾಳ ಸರಿ ಅನಿಸ್ತು, ಎಲಿ ಹೆಂಗ ನೆರಳು ಹಾಕ್ತೈತಿ ಅಂತ ಅವನಿಗೆ ಗೊತ್ತಿರದಿದ್ರ ಯಾರಿಗೆ ಗೊತ್ತಿರ್ತೈತಿ. ಬಟ್ಟಿ ಎರಡೂ ಕಡೆ ಹಾಕ್ಕೊಳ್ಳೋ ಹಂಗ ಇತ್ತು, ಒಂದು ಕಡೆ ಹಸಿರು, ತಿರುಗಿಸಿದ್ರ ಕಂದು. ಆದ್ರ 1944ರಾಗ ಫ್ರಾನ್ಸ್‌ನಾಗ ಕೆಲವು ಅಮೆರಿಕನ್ ಸಿಪಾಯಿಗಳಿಗೆ ಇಂಥ ಡ್ರೆಸ್ ಕೊಟ್ಟಾಗ ತಮ್ಮೋರೇ ಇವರನ್ನ ಜರ್ಮನರು ಅಂದ್ಕೊಂಡು ಗುಂಡು ಹಾರಿಸೋ ಪರಿಸ್ಥಿತಿ ಬಂತು, ಯಾಕಂದ್ರ ಆ ಹೊತ್ತಿಗೆ ಅಲ್ಲಿ ಚುಕ್ಕಿ ಬಟ್ಟಿ ಹಾಕ್ಕೊಂಡು ಓಡಾಡ್ತಿದ್ದೋರು ಜರ್ಮನ್ನರ ಎಸ್‌ಎಸ್ ಪಡೆ. ಅಲ್ಲಿಗೆ ಅದನ್ನ ಯುರೋಪಿನಿಂದ ವಾಪಸ್ ತಗೊಂಡ್ರು.

ಯುದ್ಧ ಮುಗಿದ ಮ್ಯಾಲೆ 1948ರಾಗ ವರ್ಜೀನಿಯಾದ ಫೋರ್ಟ್ ಬೆಲ್ವಾರ್‌ನಾಗಿದ್ದ ಸೈನ್ಯದ ಎಂಜಿನಿಯರಿಂಗ್ ಸಂಶೋಧನಾ ಲ್ಯಾಬಿನೋರು ಕುಂತು ಹೊಸ ಪ್ಯಾಟರ್ನ್ ಒಂದು ತಯಾರು ಮಾಡಿದ್ರು. ಆ ಲ್ಯಾಬಿನ ಹೆಸರಿನ ಮೊದಲ ಅಕ್ಷರ ಸೇರಿಸಿ ಇಆರ್‌ಡಿಎಲ್ ಪ್ಯಾಟರ್ನ್ ಅಂತ ಅಂತಾರ. ನನ್ನ ಪ್ಯಾಂಟಿನ ಅಪ್ಪ ಅದೇ. ನಾಲ್ಕು ಬಣ್ಣ, ಎಲಿ ತರ ಒಂದರ ಮ್ಯಾಲೊಂದು ಬಿದ್ದ ಆಕಾರ, ನಡುವ ಕಪ್ಪು ರೆಂಬಿ ಹಂಗ. ಕಪ್ಪು ಅಂದ್ರ ನೆರಳು, ಕಂದು ಅಂದ್ರ ತೊಗಟಿ ಮತ್ತ ಮಣ್ಣು, ಹಸಿರು ಎಲಿ, ತಿಳಿ ಬಣ್ಣ ಅಂದ್ರ ಎಲಿ ನಡುವ ಬೀಳೋ ಬಿಸಿಲು. ಮಾಡಿ ಏನು ಮಾಡಿದ್ರು? ಏನೂ ಇಲ್ಲ. ತೆಗೆದು ಇಟ್ರು. ಸೈನ್ಯ ಪೂರ್ತಿ ಸಾದಾ ಆಲಿವ್ ಹಸಿರು ಬಟ್ಟಿ ಹಾಕ್ಕೊಂಡು ಓಡಾಡ್ತಿತ್ತು. ಮುಂದ ವಿಯೆಟ್ನಾಂ ಯುದ್ಧಕ್ಕ ಹೋದಾಗ, 60ರ ದಶಕದ ಕೊನಿಗೆ, ಕಾಡಿನ್ಯಾಗ ಬಾಳ ಒಳಗ ಹೋಗಿ ಸುದ್ದಿ ತರೋ ಸಣ್ಣ ಸಣ್ಣ ತಂಡಗಳಿಗೆ ಮೊದಲು ಇದನ್ನ ಕೊಟ್ರು. ಅಲ್ಲಿನ ಕಾಡಿಗೆ ಅಂತ ಹಸಿರು ಜಾಸ್ತಿ ಇರೋದು ಒಂದು, ಎತ್ತರದ ಗುಡ್ಡಕ್ಕ ಕಂದು ಜಾಸ್ತಿ ಇರೋದು ಒಂದು, ಎರಡು ತರ ಬಂದ್ವು.

ಈಗ ಮುಖ್ಯ ವಿಷಯಕ್ಕ ಬರ್ತೀನಿ, ಇಲ್ಲೇ ನನ್ನ ಪ್ಯಾಂಟಿನ ದೊಡ್ಡ ತಪ್ಪು ಇರೋದು. ವಿಯೆಟ್ನಾಂ ಕಾಡಿನ್ಯಾಗ ಶತ್ರು ಕಾಣ್ತಿದ್ದಿದ್ದು ಹತ್ತಿಪ್ಪತ್ತು ಹೆಜ್ಜಿ ದೂರದಾಗ. ಅಷ್ಟು ಹತ್ರಕ್ಕ ಸಣ್ಣ ಎಲಿ ಆಕಾರ ಸಾಕು. ಯುದ್ಧ ಮುಗಿದು ಅಮೆರಿಕದೋರ ಲಕ್ಷ್ಯ ಯುರೋಪಿಗೆ ಹೋತು, ಅಲ್ಲಿ ಬಯಲು, ಹೊಲ, ಕಾಡಿನ ಅಂಚು, ನೂರಾರು ಮೀಟರ್ ದೂರದಿಂದ ನೋಡ್ತಾರ. ದೂರದಿಂದ ನೋಡಿದ್ರ ಸಣ್ಣ ಆಕಾರಗಳು ಒಂದಕ್ಕೊಂದು ಕಲಸಿ ಒಂದೇ ಬಣ್ಣ ಆಗಿಬಿಡ್ತಾವ. ಇದು ತಿಳಿಬೇಕಂದ್ರ ಸಣ್ಣ ಚೌಕಡಿ ಇಳಕಲ್ ಸೀರಿ ನೆನಪು ಮಾಡ್ಕೊಳ್ರಿ, ಕೈಯಾಗ ಹಿಡಿದು ನೋಡಿದ್ರ ಸಣ್ಣ ಸಣ್ಣ ಚೌಕ ಎಷ್ಟು ಚಂದ ಎಣಿಸಬಹುದು, ಅದೇ ಸೀರಿ ನಮ್ಮವ್ವ ಉಟ್ಕೊಂಡು ಓಣಿ ಆ ತುದಿಯಿಂದ ಬರೋವಾಗ ನೋಡಿದ್ರ ಒಂದೇ ಬಣ್ಣದ ಸೀರಿ. ಇದೇ ಕಾರಣಕ್ಕ ಅವರು 1948ರ ಡಿಸೈನನ್ನ ತಗೊಂಡು 60 ಪರ್ಸೆಂಟ್ ದೊಡ್ಡದು ಮಾಡಿದ್ರು, ಅಂಚುಗಳನ್ನ ಹೊಸದಾಗಿ ತಿದ್ದಿ ಬರೆದ್ರು, ಅದೇ ವುಡ್‌ಲ್ಯಾಂಡ್ ಆತು. ಅಂದ್ರ ಈ ಪ್ಯಾಟರ್ನಿನ ಪೂರ್ತಿ ಜಾಣತನ ಇರೋದೇ ಅದರ ಅಳತಿಯೊಳಗ. ಆಕಾರ ದೊಡ್ಡದಿರಬೇಕು, ತೊಡಿ ಒಡೆದು ಎರಡು ಬ್ಯಾರೆ ವಸ್ತು ಅನಿಸಬೇಕು, ಭುಜದ ಗೆರಿ ಕಳಚಿ ಬೀಳಬೇಕು.

ನಮ್ಮ ಥಾನ್ ಪ್ರಿಂಟ್ ಮಾಡಿದ ಪುಣ್ಯಾತ್ಮ ಏನು ಮಾಡ್ಯಾನ? ತಿರುಗ ಸಣ್ಣದು ಮಾಡ್ಯಾನ. 1948ರ ಡಿಸೈನ್‌ಗಿಂತಾನೂ ಸಣ್ಣದು. ಅಂಗೈ ಅಗಲ ಇರಬೇಕಾದ ಕಪ್ಪು ರೆಂಬಿ ಇಲ್ಲಿ ನನ್ನ ಹೆಬ್ಬೆರಳಿನಷ್ಟು ಐತಿ. ಮ್ಯಾಲೆ ಒಂದು ಆಕಾರ ಐತಿ, ಟಗರಿನ ತಲಿ ಇದ್ದಂಗ, ಎರಡು ಕೊಂಬು ಸಮೇತ. ಅದು ಪ್ಯಾಂಟಿನ ಮ್ಯಾಲೆ ಹನ್ನೊಂದು ಸಲ ಬರ್ತೈತಿ, ಎಣಿಸೀನಿ. ಬಲ ಮೊಳಕಾಲ ಮ್ಯಾಲೆ ಒಂದು, ಹಿಂದ ಜೇಬಿನ ಮ್ಯಾಲೆ ಎರಡು ಮುಖಾಮುಖಿ ಕಾದಾಡಾಕ ನಿಂತಂಗ. ಒಂದು ಸಲ ಆ ಟಗರು ಕಣ್ಣಿಗೆ ಬಿತ್ತು ಅಂದ್ರ ಮುಗೀತು, ಆಮ್ಯಾಲೆ ಪ್ಯಾಂಟ್ ನೋಡಿದಾಗೆಲ್ಲ ಟಗರೇ ಕಾಣೋದು. ಕಣ್ಣಿಗೆ ಕಾಣಬಾರದು ಅಂತ ಮಾಡಿದ ಬಟ್ಟ್ಯಾಗ ಹನ್ನೊಂದು ಟಗರು. ಮತ್ತ ಸ್ಕ್ರೀನ್ ಸರಿಯಾಗಿ ಕುಂತಿಲ್ಲ, ನಾಲ್ಕು ಬಣ್ಣಕ್ಕ ನಾಲ್ಕು ಸಲ ಛಾಪು ಹಾಕಬೇಕಲ್ಲ, ಕಂದು ಒಂದು ನೂಲಿನಷ್ಟು ಎಡಕ್ಕ ಸರಿದು ಹಸಿರು ಮತ್ತ ಕಂದಿನ ನಡುವ ಬಿಳಿ ಗೆರಿ ಬಿಟ್ಟೈತಿ, ಬಿಸಿಲಿಗೆ ಹಿಡಿದ್ರ ಆ ಗೆರಿ ಮಿಂಚ್ತೈತಿ. ಒಳಗಡೆ ಬಣ್ಣ ಇಳಿದೇ ಇಲ್ಲ, ಪೂರಾ ಬಿಳಿ.

ಹೊಲಿಗಿ ಮಾತ್ರ, ಅದನ್ನ ನೋಡಿ ಕೈ ಮುಗೀಬೇಕು. ಬಳ್ಳಾರಿ ಹೊಲಿಗಿ ಬಗ್ಗೆ ಹೊರಗಿನೋರಿಗೆ ಹೇಳಬೇಕು, ನಮ್ಮೋರಿಗೆ ಗೊತ್ತು. ಒಳಗಾಲಿನ ಸೀಮು ಜೀನ್ಸ್ ತರ ಮಡಚಿ ಡಬಲ್ ಸೂಜಿ ಹೊಡೆದಾರ, ಜೇಬಿನ ಮೂಲಿಗೆ ಗಟ್ಟಿ ಟಾಕಾ, ಜಿಪ್ಪು ಒಂಬತ್ತು ತಿಂಗಳಿಗೂ ಒಂದು ಹಲ್ಲು ಬಿದ್ದಿಲ್ಲ. ಹೊಲಿಗಿಯೋರ ಕೈಗೆ ಇದು ಹೊಸದಲ್ಲ. ಮೊದಲ ಮಹಾಯುದ್ಧದ ಕಾಲಕ್ಕ ಇಲ್ಲಿ ಕಂಟೋನ್ಮೆಂಟ್‌ನಾಗಿದ್ದ ಬ್ರಿಟಿಷ್ ಸಿಪಾಯಿಗಳ ಯೂನಿಫಾರ್ಮ್ ಹೊಲಿಯಾಕ ಮರಾಠಾ ದರ್ಜಿಗಳು ಬಂದು ನೆಲೆ ನಿಂತ್ರು ಅಂತ ಹಳಬರು ಹೇಳ್ತಾರ, ಕೌಲ್ ಬಜಾರ್ ಅನ್ನೋದೇ ಕಂಟೋನ್ಮೆಂಟಿಗೆ ಅಂಟಿಕೊಂಡ ಬಜಾರು. ಸಿಪಾಯಿಗಳು ಹೋದ್ರು, ದರ್ಜಿಗಳು ಉಳಿದ್ರು, ಸ್ಕೂಲ್ ಯೂನಿಫಾರ್ಮ್ ಹೊಲಿದ್ರು, ಆಮ್ಯಾಲೆ ಜೀನ್ಸಿಗೆ ಬಂದ್ರು, ಈಗ ದೇಶದ ತುಂಬ ಹೋಗೋ ಜೀನ್ಸ್ ಇಲ್ಲಿ ಮನಿ ಮನ್ಯಾಗ ಹೊಲೀತಾರ. ಮಿಲ್ಟ್ರಿ ಬಟ್ಟಿ ಸಲುವಾಗೇ ಹೊಲಿಗಿ ಶುರುವಾದ ಊರಾಗ ಮಿಲ್ಟ್ರಿ ಬಟ್ಟಿ ತಗೊಂಡೀನಿ, ಹೊಲಿಗಿ ಚಲೋ ಇರದೇ ಏನು. ತಪ್ಪು ಥಾನಿಂದು, ದರ್ಜೀದಲ್ಲ.

ಸರಿ, ಕೆಲಸಕ್ಕ ಬರ್ತೈತೋ ಇಲ್ಲೋ, ಅದು ಹೇಳು ಅಂತೀರಿ. ಎರಡು ಜಾಗದಾಗ ನೋಡೀನಿ.

ಆಗಸ್ಟ್‌ದಾಗ ಸಂಡೂರಿಗೆ ಹೋಗಿದ್ವಿ, ನಾರಿಹಳ್ಳ ಕಡೆ. ಮಳಿ ಬಿದ್ದು ಗುಡ್ಡ ಎಲ್ಲಾ ಹಸಿರು, ಮಂಜು, ಬಳ್ಳಾರಿ ಜಿಲ್ಲಾದಾಗ ಹಿಂಗೂ ಒಂದು ಜಾಗ ಐತೇನು ಅನ್ನೋ ಹಂಗ. ನಾ ಒಂದು ಪೊದಿ ಪಕ್ಕ ಕುಂತೆ, ದೋಸ್ತ ಮೂವತ್ತು ಹೆಜ್ಜಿ ದೂರದಿಂದ ಫೋನಿನಾಗ ಫೋಟೋ ತೆಗೆದ. ಆಮ್ಯಾಲೆ ಆ ಫೋಟೋದಾಗ ನಾ ಎಲ್ಲಿದ್ದೀನಿ ಅಂತ ನಂಗೇ ಗೊತ್ತಾಗಲಿಲ್ಲ, ಮುಖ ಹುಡುಕಿ ಆಮ್ಯಾಲೆ ಕೈ ಹುಡುಕಿದೆ. ಟಗರು ಸಮೇತ ಮಾಯ. ಯಾಕಂದ್ರ ಈ ಬಟ್ಟಿ ಇರೋದೇ ಇಂಥ ಹಸಿರು ಕಾಡಿಗೆ, ಮೂವತ್ತು ಹೆಜ್ಜಿ ಅಂದ್ರ ಸಣ್ಣ ಪ್ರಿಂಟೂ ನಡೀತೈತಿ. ನೂರು ಹೆಜ್ಜಿಗೆ ಹೋದಾಗ ಮಾತ್ರ ಒಂದು ಕರ್ರಗಿನ ಹಸಿರು ಮೂಟಿ ಇಟ್ಟಂಗ ಕಾಣ್ತಿದ್ದೆ, ಇಳಕಲ್ ಸೀರಿ ಕಥಿ.

ಮಾರ್ಚ್‌ದಾಗ ದರೋಜಿ ಹೊರಗಿನ ಕುರುಚಲು ಕಾಡಿಗೆ ಹೋದ್ವಿ. ಹುಲ್ಲು ಒಣಗಿ ಗೋಧಿ ಬಣ್ಣ, ಕಲ್ಲುಗುಂಡುಗಳು ಬೂದಿ, ಕೆಂಪು, ಮುಳ್ಳುಗಿಡದಾಗ ಎಲಿ ಇಲ್ಲ, ಬರೀ ಜಾಲಿ ಕಡ್ಡಿ. ಅಲ್ಲಿ ನಾ ನಿಂತಿದ್ದು ಹೆಂಗ ಕಾಣ್ತಿತ್ತು ಅಂದ್ರ ಜೋಳದ ರೊಟ್ಟಿ ಮ್ಯಾಲೆ ಪುಂಡಿಪಲ್ಲೆ ಹಾಕಿ ಇಟ್ಟಂಗ. ದೋಸ್ತ ದೂರದಿಂದ ಕೂಗಿದ, "ಲೇ ಬಿಳಿ ಅಂಗೀನೇ ಚಲೋ ಇತ್ತು". ಆ ಹೊತ್ತಿಗೆ ನನ್ನ ಬೂಟಿನಿಂದ ಎರಡು ಅಡಿ ದೂರದಾಗ ನೆಲ ಎದ್ದು ಹಾರಿತು, ನೆಲ ಅಲ್ಲ, ಪೇಂಟೆಡ್ ಸ್ಯಾಂಡ್‌ಗ್ರೌಸ್ ಹಕ್ಕಿ ಜೋಡಿ, ಅಲ್ಲೇ ಕುಂತಿದ್ವು, ನಾ ಅರ್ಧ ತಾಸಿಂದ ಅಲ್ಲೇ ಕಾಯ್ತಿದ್ದೆ ಅವುಗಳಿಗೇ. ಕ್ಯಾಮೆರಾ ಎತ್ತೋಷ್ಟ್ರಾಗ ಹೋದ್ವು. ಸಂಜೀಗೆ ಹಾದಿ ಮ್ಯಾಲೆ ನತ್ತಿಂಗ ಹಕ್ಕಿ ಕುಂತಿತ್ತು, ಒಣ ಎಲಿ ಅಂದ್ಕೊಂಡು ದಾಟಿದ್ದೆ. ಯಾವ ಲ್ಯಾಬ್ ಇಲ್ಲ, ಯಾವ ತೋಟಗಾರ ಇಲ್ಲ. ನಾ 1,300 ಕೊಟ್ಟು ಬಂದಿದ್ದೆ.

ಇನ್ನೊಂದು ತಮಾಷಿ ಅಂದ್ರ ನಮ್ಮ ಬಳ್ಳಾರಿ, ಕೊಪ್ಪಳ ಕಲ್ಲುಗುಡ್ಡಕ್ಕ ಸರಿ ಹೊಂದೋ ಪ್ಯಾಟರ್ನ್ ಅಮೆರಿಕದೋರ ಹತ್ರ ಇತ್ತು. 1962ರಾಗ ಕಲ್ಲುಗಳಿರೋ ಮರುಭೂಮಿಗೆ ಅಂತ ಆರು ಬಣ್ಣದ್ದೊಂದು ಮಾಡಿದ್ರು, ತಿಳಿ ಕಂದಿನ ಮ್ಯಾಲೆ ಸಣ್ಣ ಕಪ್ಪು ಬಿಳಿ ಕಲ್ಲುಚೂರಿನ ಗುರ್ತು, ಕಲ್ಲು ಮತ್ತ ಅದರ ನೆರಳು ಎರಡೂ ಸೇರಿ. ನೋಡಾಕ ಬಿಸ್ಕೀಟಿನಂಗ ಇತ್ತು ಅಂತ ಚಾಕಲೇಟ್ ಚಿಪ್ ಅಂತ ಹೆಸರು. 1991ರ ಗಲ್ಫ್ ಯುದ್ಧಕ್ಕ ಅದನ್ನ ಹಾಕ್ಕೊಂಡು ಹೋದ್ರ ಅಲ್ಲಿ ಕಲ್ಲೇ ಇಲ್ಲ, ಬರೀ ಮರಳು, ಆಮ್ಯಾಲೆ ಮೂರು ಬಣ್ಣದ್ದು ಬ್ಯಾರೆ ತಂದ್ರು. ನಾ ಅಂಗಡಿಗೆ ಹೋಗಿ "ಚಾಕಲೇಟ್ ಚಿಪ್ ಐತೇನಪ್ಪ" ಅಂತ ಕೇಳಿದೆ, ಹುಡುಗ ಬಾಳ ಗೌರವದಿಂದ ಎದುರಿನ ಬೇಕರಿ ತೋರಿಸಿದ.

ಆಮ್ಯಾಲೆ ಅವನೇ ಒಳಗಿಂದ ಚೌಕ ಚೌಕ ಪ್ರಿಂಟಿಂದು ಒಂದು ತಂದ, "ಸಾರ್ ಇದು ಹೊಸ ಆರ್ಮಿ, ಕಂಪ್ಯೂಟರ್ ಡಿಸೈನ್". ಆ ಚೌಕದ ಜಾತ್ರಿನ ಮೊದಲು ಸೈನ್ಯಕ್ಕ ಕೊಟ್ಟೋರು ಕೆನಡಾದೋರು, 2002ರಾಗ ಅಮೆರಿಕದ ಮರೀನ್‌ಗಳು ತಗೊಂಡ್ರು, ಅದು ನೋಡಿ ಅಮೆರಿಕದ ಸೈನ್ಯ 2004ರಾಗ ಬೂದಿ ಹಸಿರಿನ ಒಂದು ಚೌಕದ ಪ್ಯಾಟರ್ನ್ ತಂತು, ಕಾಡು ಮರಳು ಊರು ಎಲ್ಲಾದಕ್ಕೂ ಇದೊಂದೇ ಸಾಕು ಅಂತ. ಎಲ್ಲಾ ಕಡೆ ಎದ್ದು ಕಾಣ್ತು. ಹತ್ತು ವರ್ಷದಾಗ ಕೈ ಬಿಟ್ರು. ಅದು ಬ್ಯಾರೆ, ಆದ್ರ ಹುಡುಗ ತೋರಿಸಿದ್ದು ನೋಡಾಕ ನಮ್ಮ ಆರ್ಮೀದೇ ಹೊಸ ಡಿಸೈನಿನ ನಕಲು ಅನಿಸ್ತು, 2022 ಜನವರಿ 15ಕ್ಕ ಆರ್ಮಿ ಡೇ ಪರೇಡ್‌ನಾಗ ಪ್ಯಾರಾ ಕಮಾಂಡೋಗಳು ಹಾಕ್ಕೊಂಡು ಬಂದಿದ್ರಲ್ಲ, ನಿಫ್ಟ್ ಅನ್ನೋ ಫ್ಯಾಷನ್ ಸಂಸ್ಥೆ ಜೊತಿ ಸೇರಿ ಮಾಡಿದ್ದು. ಅದೇ ವರ್ಷ ಆರ್ಮಿ ಆ ಡಿಸೈನ್ ತನ್ನ ಹೆಸರಿಗೆ ರಿಜಿಸ್ಟರ್ ಮಾಡಿಸೈತಿ, ಹೊರಗ ಹೊಲಿದು ಮಾರಂಗಿಲ್ಲ. ಬ್ಯಾಡಪ್ಪ ಅಂತ ಅಂದೆ. ನೀವೂ ಬ್ಯಾಡ ಅನ್ರಿ.

ಯಾಕಂದ್ರ ಇದರಾಗ ಕಿರಿಕಿರಿ ಐತಿ. ನಂದು ಅಮೆರಿಕದ ಹಳೇ ಪ್ಯಾಟರ್ನು, ನಮ್ಮ ಆರ್ಮೀದಲ್ಲ, ಆದ್ರ ಅದು ನಂಗ ಗೊತ್ತು, ಚೆಕ್‌ಪೋಸ್ಟ್‌ನಾಗ ನಿಂತ ಪೊಲೀಸಪ್ಪಗ ಗೊತ್ತಿಲ್ಲ. ಮ್ಯಾಲೂ ಕೆಳಗೂ ಎರಡೂ ಹಾಕ್ಕೊಂಡು ಹೊಸಪೇಟಿ ರೋಡಿಗೆ ಹೊಂಟಿದ್ದೆ, ಕೊರಳಾಗ ದೊಡ್ಡ ಲೆನ್ಸು, ಗಾಡಿ ನಿಲ್ಲಿಸಿ "ಸಾರ್ ಯಾವ ರೆಜಿಮೆಂಟು" ಅಂತ ಕೇಳಿದ್ರು. ನಾ "ಹಕ್ಕಿ" ಅಂದೆ. ನಗಲಿಲ್ಲ. ಪಠಾಣ್‌ಕೋಟ್ ದಾಳಿ ಆದ ಮ್ಯಾಲೆ 2016ರಾಗ ಆರ್ಮಿನೇ ಜನರಿಗೆ ಕೇಳ್ಕೊಂಡಿತ್ತು, ಕಾಂಬ್ಯಾಟ್ ಪ್ರಿಂಟ್ ಹಾಕ್ಕೊಂಡು ತಿರುಗಬ್ಯಾಡ್ರಿ, ಅಂಗಡಿಯೋರು ಮಾರಬ್ಯಾಡ್ರಿ ಅಂತ. ಸಿಪಾಯಿ ಅಂತ ನಂಬಿಸೋ ಉದ್ದೇಶದಿಂದ ಅಂಥ ಡ್ರೆಸ್ ಹಾಕ್ಕೊಂಡ್ರ ಭಾರತೀಯ ನ್ಯಾಯ ಸಂಹಿತೆ 168ನೇ ಕಲಮಿನ ಪ್ರಕಾರ ಮೂರು ತಿಂಗಳ ತನಕ ಜೈಲು ಇಲ್ಲ 2,000 ರೂಪಾಯಿ ತನಕ ದಂಡ, ಇಲ್ಲ ಎರಡೂ. ಉದ್ದೇಶ ಮುಖ್ಯ ಅನ್ರಿ, ಆದ್ರ ರೋಡಿನ್ಯಾಗ ನಿಂತು ಉದ್ದೇಶ ತೋರಿಸೋದು ಹೆಂಗ, ನಾ ಮೆಮೊರಿ ಕಾರ್ಡ್‌ನಾಗಿನ ಪಿಕಳಾರದ ಫೋಟೋ ತೋರಿಸಿ ಬಿಡಿಸ್ಕೊಂಡೆ. ಇನ್ನ ಕ್ರಿಕೆಟ್ ನೋಡಾಕ ಬಾರ್ಬಡೋಸಿಗೆ ಹೋಗೋ ದೊಡ್ಡೋರು ಯಾರಾದ್ರೂ ಇದ್ರ ಈ ಪ್ಯಾಂಟು ಒಯ್ಯಬ್ಯಾಡ್ರಿ, ಅಲ್ಲಿ ಸಾದಾ ಜನ ಈ ಪ್ರಿಂಟ್ ಹಾಕೋದೇ ಕಾನೂನು ಪ್ರಕಾರ ತಪ್ಪು. ಅವತ್ತಿಂದ ನಾ ಜಾಕೀಟು ಪ್ಯಾಂಟು ಜೋಡಿ ಹಾಕೋದು ಬಿಟ್ಟೀನಿ, ಒಂದು ಹಾಕಿದ್ರ ಇನ್ನೊಂದು ಸಾದಾದು.

ಒಗಿಯೋದ್ರ ಬಗ್ಗೆ ಹೇಳಲೇಬೇಕು. ಮೊದಲ ಸಲ ಇಸ್ತ್ರಿ ಅಂಗಡಿಗೆ ಕೊಟ್ಟೆ, ಅವ ಪ್ರೀತಿಯಿಂದ ಗಂಜಿ ಹಾಕಿ ಕಾಗದದಂಗ ಮಾಡಿ ಕೊಟ್ಟ, ಪ್ಯಾಂಟು ತಾನೇ ನಿಂತ್ಕೊಳ್ತಿತ್ತು, ಬಿಸಿಲಾಗ ತೊಡಿ ಮಿರಮಿರ. ಅಮೆರಿಕದ ಬಿಡಿಯುಗೆ ಗಂಜಿ ಹಾಕಬಾರದು ಅಂತಾನೇ ಇತ್ತು, ಕಾರಣ ಬರೀ ಮಿಂಚು ಅಲ್ಲ. ಎಲಿಗಳು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನ ಜೋರಾಗಿ ವಾಪಸ್ ಹೊಡೀತಾವ, ರಾತ್ರಿ ನೋಡೋ ಯಂತ್ರದಾಗ ಗಿಡ ಬೆಳ್ಳಗ ಕಾಣ್ತಾವ, ಸಾದಾ ಬಟ್ಟಿ ಹಾಕಿದ ಮನುಷ್ಯ ಅದರ ಮುಂದ ಕರ್ರಗ ಕಾಣ್ತಾನ, ಅದಕ್ಕ ಆ ಬಟ್ಟಿ ಬಣ್ಣಗಳನ್ನ ಎಲಿ ಹಂಗೇ ಬೆಳಕು ವಾಪಸ್ ಕೊಡೋ ತರ ಆರಿಸಿದ್ರು, ಗಂಜಿ ಹಾಕಿದ್ರ ಆ ಗುಣ ಕೆಡ್ತೈತಿ. ನನ್ನ ಪ್ಯಾಂಟಿಗೆ ಆ ಗುಣ ಹುಟ್ಟಿನಿಂದಲೇ ಇಲ್ಲ ಬಿಡ್ರಿ, ಕೆಡಾಕ ಏನೈತಿ. ಆದ್ರ ಬಟ್ಟಿ ಬೆಳ್ಳಗ ಮಾಡ್ತೀವಿ ಅನ್ನೋ ಪುಡಿಯಾಗ ಒಗೀಬ್ಯಾಡ್ರಿ, ಅದರಾಗಿರೋ ಹೊಳಪಿನ ವಸ್ತು ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನ ಹೀರ್ಕೊಂಡು ನೀಲಿ ಬೆಳಕಾಗಿ ಹೊರಗ ಬಿಡ್ತೈತಿ, ಬಟ್ಟಿ ಇನ್ನೂ ಎದ್ದು ಕಾಣ್ತೈತಿ. ಇನ್ನ ಕರಡಿ ಸಲುವಾಗಿ ಈ ಬಟ್ಟಿ ತಗೊಳ್ಳೋರಿಗೆ ಒಂದು ಮಾತು, ಕರಡಿಗೆ ಕಣ್ಣು ಮಂದ, ಮೂಗು ಚುರುಕು, ನೀವು ಯಾವ ಬಣ್ಣ ಹಾಕಿದ್ರೂ ಗಾಳಿ ನಿಮ್ಮ ಕಡೆಯಿಂದ ಬೀಸಿದ್ರ ಅದಕ್ಕ ಗೊತ್ತಾಗ್ತೈತಿ. ದರೋಜ್ಯಾಗ ಹೆಂಗೂ ನೋಡೋದು ವಾಚ್ ಟವರ್ ಮ್ಯಾಲಿಂದ, ಎದುರಿನ ಕರಡಿಕಲ್ಲು ಗುಡ್ಡದ ಬಂಡಿಗೆ ಬೆಲ್ಲದ ಪಾಕ ಸವರಿರ್ತಾರ, ಅದು ಪಾಕ ನೆಕ್ಕೋದು ಬಿಟ್ಟು ನಿಮ್ಮ ಪ್ಯಾಂಟ್ ನೋಡಂಗಿಲ್ಲ.

ಹರಿಯೋದು. ಬಳ್ಳಾರಿ ಜಾಲಿ ಅಂದ್ರ ಗೊತ್ತಲ್ಲ, ರಾಜ್ಯದ ತುಂಬ ನಮ್ಮೂರ ಹೆಸರು ಹೊತ್ತ ಮುಳ್ಳು. ಒಂದು ಮುಳ್ಳು ಮೊಳಕಾಲ ಹತ್ರ ಸಿಕ್ಕಿ ಜಗ್ಗಿದೆ, ಚರ್ರ್ ಅಂತ ಒಂದು ಗೇಣು ಹರೀತು. ಅಸಲಿ ಬಟ್ಟ್ಯಾಗ ರಿಪ್‌ಸ್ಟಾಪ್ ಅಂತ ಬರ್ತೈತಿ, ನಡುವ ನಡುವ ದಪ್ಪ ದಾರ ಚೌಕ ಚೌಕ ನೇಯ್ದಿರ್ತಾರ, ಹರಿಯೋದು ಆ ದಾರಕ್ಕ ಬಂದು ನಿಲ್ತೈತಿ. ಬಿಡಿಯು ಬಟ್ಟೀನೂ ಮೊದಲು ಅರ್ಧ ನೈಲಾನು ಅರ್ಧ ಕಾಟನ್ನು ದಪ್ಪಂದು ಬಂತು, 1983ರಾಗ ಗ್ರೆನಡಾ ದ್ವೀಪಕ್ಕ ಹೋದ ಸಿಪಾಯಿಗಳು ಸೆಕಿಗೆ ಬೇಸತ್ತು ಬೈದ ಮ್ಯಾಲೆ ತೆಳ್ಳಗಿನ ಕಾಟನ್ ರಿಪ್‌ಸ್ಟಾಪ್ ಮಾಡಿದ್ರು. ಅಂಗಡ್ಯಾಗ ಕೇಳಿ ನೋಡ್ರಿ, ಬಟ್ಟಿ ಬೆಳಕಿಗೆ ಹಿಡಿದ್ರ ಸಣ್ಣ ಚೌಕ ಕಾಣಬೇಕು. ನಂದ್ರಾಗ ಇರಲಿಲ್ಲ. ಹರಿದದ್ದನ್ನ ಒಯ್ದು ತೋರಿಸಿದೆ, ಅಂಗಡಿ ಮಾಲೀಕ ಬದಲಿ ಕೊಡಾಕ ಒಪ್ಪಲಿಲ್ಲ, "ಜಾಲಿ ಮುಳ್ಳಿಗೆ ಗ್ಯಾರಂಟಿ ದೇವರೂ ಕೊಡಂಗಿಲ್ಲ" ಅಂದ, ಆದ್ರ ಒಳಗಿನ ದರ್ಜಿ ಪುಕ್ಕಟ ರಫು ಮಾಡಿ ಕೊಟ್ಟ, ಅದೂ ಟಗರಿನ ಕೊಂಬು ಕೊಂಬಿಗೆ ಕೂಡಿಸಿ.

ಈಗ ಒಂಬತ್ತು ತಿಂಗಳಾತು. ಬಣ್ಣ ಮ್ಯಾಲೇ ಕುಂತಿದ್ದಕ್ಕ ತಿಕ್ಕಿ ತಿಕ್ಕಿ ಹೋಗೈತಿ, ಕಪ್ಪು ಹೋಗಿ ಬೂದಿ ಆಗೈತಿ, ಹಸಿರು ಒಣ ಹುಲ್ಲಿನ ಬಣ್ಣಕ್ಕ ಬಂದೈತಿ, ಕಂದು ತಿಳಿ ಇಟ್ಟಂಗಿ ಬಣ್ಣ. ಸಂಡೂರು ರೋಡಿನ ಅದಿರು ಲಾರಿ ಧೂಳು ದಾರದ ಒಳಗ ಹೊಕ್ಕು ಎಷ್ಟು ಒಗೆದ್ರೂ ಹೋಗಂಗಿಲ್ಲ, ಬಕೆಟ್ಟಿನ ನೀರು ಇಂದಿಗೂ ಕೆಂಪು. ಹೋದ ರವಿವಾರ ಅದೇ ದರೋಜಿ ಬಂಡಿ ಹತ್ರ ಅದೇ ದೋಸ್ತ ಫೋಟೋ ತೆಗೆದ, ಅರವತ್ತು ಹೆಜ್ಜಿಯಿಂದ. ನೋಡಿ ಸುಮ್ಮನಾದ. ಪ್ಯಾಂಟು ಕಾಣ್ತಿಲ್ಲ. ಸಾದಾ ಬಿಸ್ಕೀಟ್ ಬಣ್ಣದ ಅಂಗಿ ಮತ್ತ ಕೆಳಗ ಕಲ್ಲು. ಯುರೋಪಿನ ಕಾಡಿಗೆ ಅಂತ ಅಳತಿ ಮಾಡಿದ ಪ್ಯಾಟರ್ನ್ ಪೂರ್ತಿ ಅಳಿಸಿ ಹೋದ ಮ್ಯಾಲೆ ಬಳ್ಳಾರ್ಯಾಗ ಕೆಲಸ ಶುರು ಮಾಡೈತಿ.

ಖಾಕಿ ಅನ್ನೋ ಪದ ಖಾಕ್‌ನಿಂದ ಬಂದದ್ದು, ಖಾಕ್ ಅಂದ್ರ ಧೂಳು. 1840ರ ದಶಕದಾಗ ಪೇಶಾವರ ಕಡೆ ಹ್ಯಾರಿ ಲಮ್ಸ್‌ಡೆನ್ ಅನ್ನೋ ಬ್ರಿಟಿಷ್ ಅಧಿಕಾರಿ ತನ್ನ ಗೈಡ್ಸ್ ಪಡೆಗೆ ಕೆಂಪು ಕೋಟಿನ ಬದಲಿ ಧೂಳಿನ ಬಣ್ಣದ ಬಟ್ಟಿ ಹಾಕ್ಸಿದ, ಮುಂದ ಅದೇ ದುನಿಯಾಕ್ಕೆಲ್ಲ ಹಬ್ಬಿತು. ಮಂಗ್ಳೂರಿನೋರು ಖಾಕಿ ಬಣ್ಣ ಮೊದಲು ತಯಾರಾಗಿದ್ದೇ ನಮ್ಮ ಬಾಸೆಲ್ ಮಿಷನ್ ನೇಯ್ಗಿ ಕಾರ್ಖಾನ್ಯಾಗ ಅಂತ ಹೆಮ್ಮಿಯಿಂದ ಹೇಳ್ಕೊಳ್ತಾರ, ಅವರಿಬ್ಬರೂ ಜಗಳ ಆಡ್ಲಿ. ಬಳ್ಳಾರಿ ಧೂಳಿಗೆ ನಾಲ್ಕು ಬಣ್ಣ ಬೇಕಿರಲಿಲ್ಲ, ಇಷ್ಟು ತಿಳಿಯಾಕ ನಂಗ ಒಂಬತ್ತು ತಿಂಗಳು ಹಿಡೀತು. ಹೋದ ವಾರ ಅದೇ ಅಂಗಡಿಗೆ ಹೋಗಿ ಒಳಗಿನ ದರ್ಜಿಗೆ ಎರಡೂವರಿ ಮೀಟರ್ ಸಾದಾ ಖಾಕಿ ಕಾಟನ್ ಕೊಟ್ಟು ಬಂದೀನಿ, ಇದೇ ಪ್ಯಾಂಟಿನ ಅಳತಿಗೆ ಹೊಲಿ ಅಂತ. ಹೊಲಿಗಿ 350.

ತಗೊಳ್ಳೋರಿಗೆ: ಮಲೆನಾಡು ಕಡೆ ಟ್ರೆಕ್ಕಿಂಗಿಗೆ ಹೋಗೋರು, ಇಲ್ಲ ಮಳಿಗಾಲದಾಗ ಸಂಡೂರಿಗೆ ಹೋಗೋರು ಆದ್ರ ತಗೊಳ್ರಿ, ಆ ದುಡ್ಡಿಗೆ ಮೋಸ ಇಲ್ಲ. ಸೈಜು ಸಣ್ಣ ಬರ್ತೈತಿ, 34 ಸೊಂಟದೋರು 36 ಕೇಳ್ರಿ. ಪ್ರಿಂಟ್ ಎಷ್ಟು ದೊಡ್ಡದಿದ್ರ ಅಷ್ಟು ಚಲೋ, ನಿಮ್ಮ ಅಂಗೈ ಇಟ್ಟು ನೋಡ್ರಿ, ಒಂದು ಆಕಾರ ಅಂಗೈಯಿಂದ ಹೊರಗ ಬರಬೇಕು. ತೊಡಿ ಜೇಬಿನ ಗುಂಡಿ ಎರಡನೇ ವಾರಕ್ಕ ಉದುರ್ತಾವ, ತಗೊಂಡ ದಿನಾನೇ ಬಿಗಿಸ್ಕೊಳ್ರಿ. ಶುಕ್ರವಾರ ಮಧ್ಯಾಹ್ನ ಹೋಗಬ್ಯಾಡ್ರಿ, ನಮಾಜಿಗೆ ಅರ್ಧ ಓಣಿ ಬಂದ್ ಇರ್ತೈತಿ, ನಾಲ್ಕೂವರಿ ಮ್ಯಾಲೆ ಹೋದ್ರ ದರ್ಜೀನೂ ಸಿಗ್ತಾನ.